ಉಪ್ಪುನೀರಿನ ಕೊಳದಲ್ಲಿ ಕೂಡಿ ಬಾಳುವ ಮೀನುಗಳು

ಅಘನಾಶಿನಿ ನದಿ ಸಮುದ್ರ ಸೇರುವ ಆಸುಪಾಸಿನ ಗಜನಿ ಭೂಮಿಗಳನ್ನು ಉತ್ತರ ಕನ್ನಡದ ರೈತರೆಲ್ಲ ಬಲ್ಲರು. ಮಳೆಗಾಲದಲ್ಲಿ ಅಲ್ಲಿ ಉಪ್ಪು ತಡೆಯುವ ಕಗ್ಗ ಭತ್ತ ಬೆಳೆಯುತ್ತದೆ. ಕೊಯ್ಲು ಮುಗಿದ ಮೇಲೆ ತೂಬು ತೆರೆದರೆ ಉಬ್ಬರದ ನೀರಿನೊಂದಿಗೆ ಸಿಗಡಿ, ಮೀನುಗಳ ಮರಿಗಳು ತಾವಾಗಿಯೇ ಒಳಗೆ ಬರುತ್ತವೆ. ಬಂದದ್ದನ್ನು ಹಿಡಿದು ಮಾರುವುದು ಹಿಂದಿನಿಂದ ಬಂದ ಪದ್ಧತಿ. ಇದರಲ್ಲಿ ಖರ್ಚು ಕಡಿಮೆ. ಆದರೆ ಆದಾಯ ಇಷ್ಟೇ ಎಂದು ಹೇಳುವಂತಿಲ್ಲ.

ಈಗ ಕೆಲವು ರೈತರು ಹಣ ಕೊಟ್ಟು ಮರಿಗಳನ್ನು ತಂದು ಬಿಟ್ಟು ಸಾಕುತ್ತಿದ್ದಾರೆ. ಇಲ್ಲಿ ಒಂದು ತಪ್ಪು ಆಗುವುದುಂಟು. ಬೆಲೆ ಹೆಚ್ಚು ಬರುವ ಮೀನು ಯಾವುದೆಂದು ವಿಚಾರಿಸಿ, ಸಿಕ್ಕ ಮರಿಗಳನ್ನೆಲ್ಲ ಒಂದೇ ಕೊಳಕ್ಕೆ ಬಿಡುತ್ತಾರೆ. ಆರು ತಿಂಗಳ ನಂತರ ಬಲೆ ಎಳೆದಾಗ ನಾಲ್ಕಾರು ದೊಡ್ಡ ಮೀನುಗಳು ಮಾತ್ರ ಸಿಗುತ್ತವೆ. ಉಳಿದವು ಕಳವಾಗಿಲ್ಲ, ರೋಗದಿಂದ ಸತ್ತೂ ಇಲ್ಲ. ಆ ದೊಡ್ಡ ಮೀನುಗಳ ಹೊಟ್ಟೆ ಸೇರಿವೆ. ಮರಿಯ ಹಣ, ಮೇವಿನ ಹಣ, ಒಂದು ಹಂಗಾಮು ಎಲ್ಲವೂ ಹೋದಂತಾಯಿತು. ಆದ್ದರಿಂದ ಯಾವ ಮೀನು ಯಾವುದರೊಂದಿಗೆ ಹೊಂದಿಕೊಳ್ಳುತ್ತದೆ ಎಂಬುದನ್ನು ಮೊದಲೇ ತಿಳಿಯಬೇಕು.

ಮೂರು ಪ್ರಶ್ನೆಗಳು

ಯಾವುದೇ ಮೀನನ್ನು ಕೊಳಕ್ಕೆ ಬಿಡುವ ಮುನ್ನ ಮೂರು ಪ್ರಶ್ನೆ ಕೇಳಿಕೊಳ್ಳಬೇಕು. ಅದು ಏನನ್ನು ತಿನ್ನುತ್ತದೆ? ಜೊತೆಯ ಮೀನನ್ನು ತಿನ್ನುತ್ತದೆಯೇ? ಕೊಳದಲ್ಲಿಯೇ ಮರಿ ಹಾಕಿ ಮಿತಿಮೀರಿ ಹೆಚ್ಚುತ್ತದೆಯೇ? ಇವುಗಳ ಜೊತೆಗೆ ಕರಾವಳಿಯಲ್ಲಿ ಇನ್ನೊಂದು ಮಾತೂ ಉಂಟು. ಸಮುದ್ರದ ನೀರಿನಲ್ಲಿ ಸಾವಿರ ಭಾಗಕ್ಕೆ ಸುಮಾರು 35 ಭಾಗ ಉಪ್ಪಿರುತ್ತದೆ. ನಮ್ಮ ನದೀಮುಖದ ನೀರು ಬೇಸಿಗೆಯಲ್ಲಿ ಅದಕ್ಕೆ ಹತ್ತಿರ ಬಂದರೂ ಮಳೆಗಾಲದಲ್ಲಿ ಬಹುಮಟ್ಟಿಗೆ ಸಿಹಿಯಾಗುತ್ತದೆ. ಈ ಏರಿಳಿತವನ್ನು ತಾಳದ ಮೀನು ಎಷ್ಟು ಬೆಲೆ ಬಾಳಿದರೂ ನಮಗೆ ಒದಗದು.

ಹೊಂದಿಕೊಳ್ಳುವ ಮೂರು ಮೀನುಗಳು

ಹೂಮೀನು: ಇದು ಬೆಳ್ಳಿಯ ಬಣ್ಣದ, ಚುರುಕಾದ ಮೀನು. ಬಾಯಿ ಚಿಕ್ಕದು, ಹಲ್ಲಿಲ್ಲ. ಕೊಳದ ತಳದಲ್ಲಿ ಚಾಪೆಯಂತೆ ಹಬ್ಬುವ ಪಾಚಿಯೇ ಇದರ ಮುಖ್ಯ ಆಹಾರ. ಉಪ್ಪಿನ ಏರಿಳಿತವನ್ನು ಚೆನ್ನಾಗಿ ತಾಳುತ್ತದೆ. ಕೊಳದಲ್ಲಿ ಮರಿ ಹಾಕುವುದಿಲ್ಲ. ಹೀಗಾಗಿ ಎಷ್ಟು ಬಿಟ್ಟೆವೋ ಅಷ್ಟೇ ಇರುತ್ತವೆ, ಲೆಕ್ಕ ತಪ್ಪುವುದಿಲ್ಲ. ಮೊದಲು ಇದರ ಮರಿಗಳನ್ನು ಸಮುದ್ರ ತೀರದಲ್ಲಿಯೇ ಹಿಡಿದು ತರಬೇಕಾಗಿತ್ತು. 2015ರಲ್ಲಿ ಚೆನ್ನೈನ ಕೇಂದ್ರೀಯ ಚೌಳುನೀರು ಜಲಕೃಷಿ ಸಂಸ್ಥೆಯವರು ಸಾಕಿದ ತಾಯಿಮೀನುಗಳಿಂದಲೇ ಮರಿ ಪಡೆಯುವುದರಲ್ಲಿ ಯಶಸ್ವಿಯಾದರು.

ಮುಲ್ಲೆಟ್: ಇದು ತಳದ ಕೆಸರಿನ ಮೇಲ್ಪದರವನ್ನು ಬಾಯಿಂದ ಎತ್ತಿ, ಅದರಲ್ಲಿರುವ ಕೊಳೆತ ಸಾವಯವ ಪದಾರ್ಥವನ್ನೂ ಸೂಕ್ಷ್ಮ ಪಾಚಿಯನ್ನೂ ತಿನ್ನುತ್ತದೆ. ಕೋಳಿಯ ಹೊಟ್ಟೆಯಲ್ಲಿ ಕಾಳು ಅರೆಯುವ ಅಂಗವಿರುವಂತೆ ಇದರ ಜಠರದಲ್ಲಿಯೂ ದಪ್ಪ ಸ್ನಾಯುವಿನ ಭಾಗವಿದೆ. ಹೂಮೀನು ಬಿಟ್ಟ ಉಳಿಕೆಯೂ, ಮೇಲಿನಿಂದ ತಳಕ್ಕೆ ಬಿದ್ದ ಮೇವೂ ಇದರಿಂದ ಉಪಯೋಗಕ್ಕೆ ಬರುತ್ತವೆ.

ಕರಿಮೀನು: ಅಗಲವಾದ, ಚಪ್ಪಟೆ ಮೈಯ, ಬಿಳಿ ಚುಕ್ಕೆಗಳ ಮೀನು. ಕೇರಳದಲ್ಲಿ ಇದಕ್ಕೆ ಬಹಳ ಬೇಡಿಕೆ. 2010ರಲ್ಲಿ ಅಲ್ಲಿ ಇದನ್ನು ರಾಜ್ಯದ ಮೀನೆಂದು ಸಾರಿದರು. ಕೊಳದ ಅಂಚಿನಲ್ಲಿ, ಕಲ್ಲು ಮರಗಳ ಮೇಲೆ ಬೆಳೆಯುವ ಎಳೆಪಾಚಿಯನ್ನು ಕಿತ್ತು ತಿನ್ನುತ್ತದೆ. ಬೆಳವಣಿಗೆ ನಿಧಾನ, ಬೆಲೆ ಮಾತ್ರ ಒಳ್ಳೆಯದು. ಕೊಳದಲ್ಲಿಯೇ ಮೊಟ್ಟೆಯಿಟ್ಟು, ಗಂಡು ಹೆಣ್ಣು ಎರಡೂ ಕಾವಲಿದ್ದು ಮರಿಗಳನ್ನು ಸಾಕುತ್ತವೆ. ಆಗ ಹತ್ತಿರ ಬಂದ ಬೇರೆ ಮೀನುಗಳನ್ನು ಓಡಿಸುತ್ತವೆ. ಕೊಳ ದೊಡ್ಡದಿದ್ದು ಅಂಚಿನಲ್ಲಿ ಅಲ್ಲಲ್ಲಿ ಗೂಟಗಳನ್ನು ನೆಟ್ಟಿದ್ದರೆ ಇದರಿಂದ ತೊಂದರೆಯಿಲ್ಲ.

ಹೀಗೆ ಒಂದು ತಳದ ಪಾಚಿಯನ್ನು, ಇನ್ನೊಂದು ಕೆಸರಿನ ಪದರವನ್ನು, ಮತ್ತೊಂದು ಅಂಚಿನ ಪಾಚಿಯನ್ನು ಅವಲಂಬಿಸಿವೆ. ಒಂದೇ ಹೊಲದಲ್ಲಿ ಬೇರೆ ಬೇರೆ ಆಳಕ್ಕೆ ಬೇರು ಬಿಡುವ ಬೆಳೆಗಳನ್ನು ಮಿಶ್ರ ಮಾಡಿದಂತೆ, ಈ ಮೂರೂ ಒಂದಕ್ಕೊಂದು ಹೆಚ್ಚು ಪೈಪೋಟಿ ಕೊಡದೆ ಬೆಳೆಯುತ್ತವೆ. ಇವುಗಳೊಂದಿಗೆ ಸಿಗಡಿಯನ್ನೂ ಸಾಕಬಹುದು.

ದೂರವಿಡಬೇಕಾದವು

ಕುರುಡಿ ಮೀನು: ಸೀಬಾಸ್ ಎಂದು ಕರೆಯುವುದೂ ಇದನ್ನೇ. ಬೆಲೆಯಲ್ಲಿ ಇದನ್ನು ಮೀರಿಸುವ ಕೊಳದ ಮೀನುಗಳು ಕಡಿಮೆ. ಭಾರತದಲ್ಲಿ 1997ರಿಂದಲೇ ಇದರ ಮರಿಗಳನ್ನು ಮರಿಕೇಂದ್ರದಲ್ಲಿ ಪಡೆಯಲಾಗಿದೆ. ಆದರೆ ಇದು ಪೂರ್ಣ ಮಾಂಸಾಹಾರಿ. ತನ್ನ ಉದ್ದದ ಅರ್ಧಕ್ಕಿಂತ ಉದ್ದದ ಮೀನನ್ನೂ ನುಂಗಬಲ್ಲದು. ಸಿಗಡಿಯಂತೂ ಇದಕ್ಕೆ ಬಲು ಇಷ್ಟ. ಬೇರೆ ಮೀನು ಸಿಗದಿದ್ದರೆ ತನ್ನ ಜಾತಿಯ ಚಿಕ್ಕ ಮರಿಗಳನ್ನೇ ತಿನ್ನುತ್ತದೆ. ಆದ್ದರಿಂದ ಕುರುಡಿಯನ್ನು ಬೇರೆ ಕೊಳದಲ್ಲಿ, ಒಂದೇ ಅಳತೆಯ ಮರಿಗಳನ್ನು ಬಿಟ್ಟು ಸಾಕಬೇಕು. ಮರಿಗಳು ಸುಮಾರು 10 ಸೆಂಟಿಮೀಟರ್ ಆಗುವವರೆಗೆ ವಾರಕ್ಕೊಮ್ಮೆಯಾದರೂ ದೊಡ್ಡವನ್ನೂ ಚಿಕ್ಕವನ್ನೂ ಬೇರ್ಪಡಿಸಬೇಕು.

ತಿಲಾಪಿಯ: 1952ರಲ್ಲಿ ನಮ್ಮ ದೇಶಕ್ಕೆ ತಂದ ಮೊಜಾಂಬಿಕ್ ತಿಲಾಪಿಯ ಕುರುಡಿಯಂತೆ ಬೇಟೆಗಾರ ಮೀನಲ್ಲದಿದ್ದರೂ ಒಳ್ಳೆಯ ನೆರೆಯದಲ್ಲ. ಮೊಟ್ಟೆ ಮರಿಗಳನ್ನು ಬಾಯಲ್ಲಿಟ್ಟು ಕಾಪಾಡುವುದರಿಂದ ಇವು ಬಹುವಾಗಿ ಉಳಿಯುತ್ತವೆ. ವರ್ಷದಲ್ಲಿ ಹಲವು ಸಲ ಮರಿ ಮಾಡುತ್ತದೆ. ಕೆಲವು ತಿಂಗಳಲ್ಲಿ ಕೊಳದ ತುಂಬ ಗೇಣುದ್ದವೂ ಇಲ್ಲದ ತಿಲಾಪಿಯ ತುಂಬಿ, ಹೂಮೀನಿಗೆ ಮೇವೇ ಉಳಿಯದು. ಕುರುಡಿ ಸಾಕುವ ಕೊಳದಲ್ಲಿ ಈಗಾಗಲೇ ತಿಲಾಪಿಯ ನೆಲೆಸಿದ್ದರೆ, ಅದರ ಮರಿಗಳು ಕುರುಡಿಗೆ ಆಹಾರವಾಗುತ್ತವೆ. ಒಂದರ ದೋಷ ಇನ್ನೊಂದಕ್ಕೆ ಅನುಕೂಲವಾಗುವುದು ಅಲ್ಲಿ ಮಾತ್ರ. ಇಲ್ಲದ ಕೊಳಕ್ಕೆ ಅದನ್ನು ಹೊಸದಾಗಿ ತರಬಾರದು.

ವೇಷಧಾರಿ ಮರಿಗಳು: ಹೂಮೀನಿನ ಮರಿಗಳೊಂದಿಗೆ ಎಲಾಪ್ಸ್ ಎಂಬ ಮೀನಿನ ಮರಿಗಳು ಬೆರೆತು ಬರುವುದುಂಟು. ನೋಡಲು ಎರಡೂ ಬೆಳ್ಳಿಯ ಬಣ್ಣವೇ, ಬಾಲವೂ ಎರಡಕ್ಕೂ ಕವಲೊಡೆದದ್ದೇ. ಗುರುತಿಸುವುದು ಬಾಯಿಂದ. ಹೂಮೀನಿನ ಬಾಯಿ ಚಿಕ್ಕದಾಗಿದ್ದು ಕಣ್ಣಿನ ಮುಂಭಾಗದಲ್ಲಿಯೇ ಮುಗಿಯುತ್ತದೆ. ಎಲಾಪ್ಸ್‌ನ ಬಾಯಿ ಕಣ್ಣನ್ನು ದಾಟಿ ಹಿಂದಕ್ಕೆ ಹೋಗುತ್ತದೆ. ಅದು ಮೀನು, ಸಿಗಡಿಗಳನ್ನು ಬೇಟೆಯಾಡುವ ಬಾಯಿ. ಬೆರಳುದ್ದದ ಮರಿಗಳನ್ನು ಕೊಳ್ಳುವಾಗ ಒಂದಷ್ಟನ್ನು ಬಿಳಿಯ ತಟ್ಟೆಯಲ್ಲಿ ನೀರು ಹಾಕಿ ಬಿಟ್ಟು, ಹೀಗೆ ಪರೀಕ್ಷಿಸಿದ ನಂತರವೇ ಹಣ ಕೊಡುವುದು ಒಳಿತು.

ಕೊಳದ ಸಿದ್ಧತೆ

ಮರಿಗಳನ್ನು ಎಷ್ಟು ಎಚ್ಚರಿಕೆಯಿಂದ ಆರಿಸಿದರೂ ಹಳೆಯ ಶತ್ರುಗಳು ಕೊಳದಲ್ಲಿ ಉಳಿದಿದ್ದರೆ ಫಲವಿಲ್ಲ. ಸಾಧ್ಯವಿದ್ದಲ್ಲಿ ನೀರನ್ನು ಪೂರ್ತಿ ಹೊರಬಿಟ್ಟು, ತಳ ಬಿರುಕು ಬಿಡುವವರೆಗೆ ಒಣಗಿಸಬೇಕು. ಒಣಗಿಸಲಾಗದ ಕೊಳದಲ್ಲಿ ನೀರನ್ನು ಒಂದು ಅಡಿಗೆ ಇಳಿಸಿ, ಎಕರೆಗೆ ಸುಮಾರು 300 ಕಿಲೋ ಹಿಪ್ಪೆ ಹಿಂಡಿಯನ್ನು ನೆನೆಸಿ ಎರಚಬೇಕು. ಇದರಲ್ಲಿರುವ ಸಪೋನಿನ್ ಮೀನುಗಳನ್ನು ಕೊಲ್ಲುತ್ತದೆ. ಮುಂದೆ ಹಿಂಡಿ ಗೊಬ್ಬರವಾಗುತ್ತದೆ. ವಿಷ ಇಳಿಯಲು ಎರಡು ಮೂರು ವಾರ ಬೇಕು. ಅಲ್ಲಿಯವರೆಗೆ ಆ ನೀರನ್ನು ಹೊಳೆಗಾಗಲಿ ನೆರೆಯವರ ಗಜನಿಗಾಗಲಿ ಬಿಡಬಾರದು. ಅನಂತರ ಬಲೆಯ ಗೂಡಿನಲ್ಲಿ ಹತ್ತಾರು ಮರಿಗಳನ್ನು ಒಂದು ದಿನ ಇಟ್ಟು ನೋಡಿ, ಅವು ಬದುಕಿದರೆ ಉಳಿದವನ್ನು ಬಿಡಬಹುದು.

ಮುಂದೆ ನೀರು ತುಂಬುವಾಗ ತೂಬಿಗೆ ಸಣ್ಣ ಕಣ್ಣಿನ ಬಲೆ ಕಟ್ಟುವುದನ್ನು ಮರೆಯಬಾರದು. ಒಂದು ರಾತ್ರಿ ಬಲೆ ಹರಿದಿದ್ದರೂ ಸಾಕು, ಉಬ್ಬರದೊಂದಿಗೆ ಕುರುಡಿ ಮರಿಗಳು ಒಳಗೆ ಬಂದಾವು. ಏಡಿಗಳು ಬದುವಿನಲ್ಲಿ ತೂತು ಕೊರೆಯುವುದನ್ನೂ ಆಗಾಗ ನೋಡುತ್ತಿರಬೇಕು.

ಎಷ್ಟು ಬಿಡಬೇಕು?

ಮೂರು ಅಡಿಗೆ ಕಡಿಮೆಯಿಲ್ಲದ ನೀರಿರುವ ಒಂದು ಎಕರೆ ಕೊಳಕ್ಕೆ, ಗಾಳಿಯ ಯಂತ್ರವಿಲ್ಲದೆ ಸಾಕುವವರು, 2,000 ಬೆರಳುದ್ದದ ಮರಿಗಳನ್ನು ಮೀರದಿರುವುದು ಕ್ಷೇಮ. ಉದಾಹರಣೆಗೆ ಹೂಮೀನು 1,000, ಮುಲ್ಲೆಟ್ 700, ಕರಿಮೀನು 300 ಬಿಡಬಹುದು. ಎಲ್ಲ ಮರಿಗಳೂ ಆದಷ್ಟು ಒಂದೇ ಅಳತೆಯವಾಗಿರಲಿ. ಮರಿ ತಂದ ಚೀಲವನ್ನು ಕೊಳದಲ್ಲಿ ಸ್ವಲ್ಪ ಹೊತ್ತು ತೇಲಬಿಟ್ಟು, ಕೊಳದ ನೀರನ್ನು ಸ್ವಲ್ಪಸ್ವಲ್ಪವಾಗಿ ಬೆರೆಸುತ್ತ, ಉಪ್ಪಿಗೆ ಅವು ಹೊಂದಿಕೊಂಡ ಮೇಲೆ ಬಿಡಬೇಕು. ಬಿಸಿಲೇರುವ ಮುನ್ನ ಅಥವಾ ಸಂಜೆ ಇದಕ್ಕೆ ಸರಿಯಾದ ಹೊತ್ತು.

ಪಾಚಿ ಸಾಲದಿದ್ದರೆ ಅಕ್ಕಿ ತೌಡು ಮತ್ತು ಕಡಲೆಕಾಯಿ ಹಿಂಡಿಯನ್ನು ಸಮಭಾಗ ಬೆರೆಸಿ, ಮೀನಿನ ಒಟ್ಟು ತೂಕದ ನೂರಕ್ಕೆ 3ರಿಂದ 5 ಭಾಗದಷ್ಟು ದಿನವೂ ಕೊಡಬಹುದು. ಮುಂಜಾನೆ ಮೀನುಗಳು ಮೇಲೆ ಬಂದು ಬಾಯಿ ತೆರೆಯುತ್ತಿದ್ದರೆ ನೀರಿನಲ್ಲಿ ಆಮ್ಲಜನಕ ಕಡಿಮೆಯಾಗಿದೆ ಎಂದು ತಿಳಿದು, ಆ ದಿನ ಮೇವು ನಿಲ್ಲಿಸಿ, ಹೊಸ ನೀರು ಹಾಯಿಸಬೇಕು. ಕೊಯ್ಲಿನ ಸಮಯದಲ್ಲಿ ಹೂಮೀನಿನ ಸ್ವಭಾವವೇ ನಮಗೆ ನೆರವಾಗುತ್ತದೆ. ಉಬ್ಬರದ ನೀರು ಬಿಟ್ಟರೆ ಅವು ಹರಿವಿಗೆ ಎದುರಾಗಿ ಈಜಿ ತೂಬಿನ ಬಳಿ ಗುಂಪುಗೂಡುತ್ತವೆ. ಅಲ್ಲಿ ಬಲೆ ಹಾಕಿ ಹಿಡಿಯುವುದು ಸುಲಭ.

ಕರಾವಳಿಯಲ್ಲಿ ಮೀನು, ಸಿಗಡಿ ಕೃಷಿ ಮಾಡುವವರು 2005ರ ಕರಾವಳಿ ಜಲಕೃಷಿ ಪ್ರಾಧಿಕಾರ ಕಾಯಿದೆಯಂತೆ ನೋಂದಣಿ ಮಾಡಿಸಿಕೊಳ್ಳಬೇಕು. ಈ ಬಗ್ಗೆ ತಾಲ್ಲೂಕಿನ ಮೀನುಗಾರಿಕೆ ಇಲಾಖೆಯ ಕಚೇರಿಯಲ್ಲಿ ವಿಚಾರಿಸಬಹುದು.

ಕೊನೆಯದಾಗಿ ರೈತ ಬಾಂಧವರು ನೆನಪಿಡಬೇಕಾದ ಮಾತು ಒಂದೇ. ಪೇಟೆಯ ಬೆಲೆಯನ್ನು ವಿಚಾರಿಸುವ ಮುನ್ನ ಮೀನಿನ ಬಾಯಿಯನ್ನು ನೋಡಿ. ಚಿಕ್ಕ ಬಾಯಿಯ, ಪಾಚಿ ತಿನ್ನುವ ಮೀನುಗಳನ್ನು ಕೂಡಿಸಿ ಸಾಕಿ. ದೊಡ್ಡ ಬಾಯಿಯದಕ್ಕೆ ಬೇರೆಯೇ ಕೊಳ ಮಾಡಿ. ಹಾಗೆ ಮಾಡಿದರೆ ಬಿಟ್ಟ ಮರಿಗಳಲ್ಲಿ ಬಹುಪಾಲು ಬಲೆಗೆ ಬಂದಾವು.