ಟ್ರೇಡ್ ಶೋ: ಹಲ್ಲು ನೋಡಿ ಎತ್ತು ಕೊಳ್ಳೋ ಜಾಗ

ಟ್ರೇಡ್ ಶೋ ಅಂದ್ರೆ ನಮಗೆಲ್ಲ ಮೊದಲು ನೆನಪಾಗೋದು ಫ್ರೀ ಬ್ಯಾಗು, ಪೆನ್ನು, ಕ್ಲಾಸಿಗೆ ಒಂದು ದಿನ ಚಕ್ಕರ್. ಆದರೆ ಯಾವ ಮೆಷಿನ್ನಿನ ವಿವರ ಬೇಕಿದ್ರೂ ಫೋನಿನಲ್ಲೇ ಸಿಗುವ ಈ ಕಾಲದಲ್ಲಿ, ಕಂಪನಿಗಳು ಟನ್‌ಗಟ್ಟಲೆ ತೂಕದ ಯಂತ್ರಗಳನ್ನು ಲಾರಿಯಲ್ಲಿ ತಂದು ಕೆಲವೇ ದಿನಕ್ಕೆ ಸ್ಟಾಲ್ ಹಾಕೋದು ಯಾಕೆ?

ಉತ್ತರ ಹುಡುಕೋಕೆ ಜರ್ಮನಿಯ ಲೈಪ್‌ಜಿಗ್‌ಗೆ ಹೋಗಬೇಕು. 1497ರಲ್ಲಿ ದೊರೆ ಒಂದನೇ ಮ್ಯಾಕ್ಸಿಮಿಲಿಯನ್ ಅಲ್ಲಿನ ಸಂತೆಗೆ ವಿಶೇಷ ಹಕ್ಕು ಕೊಟ್ಟ. ಆಗ ವ್ಯಾಪಾರಿಗಳು ಮಾರುವ ಸರಕನ್ನೆಲ್ಲ ಗಾಡಿಗೆ ಹೇರಿಕೊಂಡು ಬರಬೇಕಿತ್ತು. ಕಾರ್ಖಾನೆ, ರೈಲು ಬಂದ ಮೇಲೆ ಲೆಕ್ಕ ಬದಲಾಯ್ತು. ಕಾರ್ಖಾನೆಯ ಸಾವಿರ ತಟ್ಟೆಗಳೂ ಒಂದೇ ಥರ ಇರುತ್ತವೆ. ಒಂದನ್ನು ತೋರಿಸಿದ್ರೆ ಸಾಕು, ಉಳಿದದ್ದು ಆರ್ಡರ್ ಬಂದ ಮೇಲೆ ರೈಲಿನಲ್ಲಿ ಹೋಗುತ್ತೆ. 1895ರಲ್ಲಿ ಲೈಪ್‌ಜಿಗ್ ಇಂಥ ‘ಮಾದರಿಗಳ ಮೇಳ’ ನಡೆಸಿತು. ಮಾರೋ ಸಂತೆ, ತೋರಿಸೋ ಮೇಳವಾಯ್ತು.

ಎರಡನೇ ಮಹಾಯುದ್ಧದ ನಂತರ ಲೈಪ್‌ಜಿಗ್ ಸೋವಿಯತ್ ವಲಯಕ್ಕೆ ಸೇರಿತು. ಬ್ರಿಟಿಷರ ವಲಯದಲ್ಲಿದ್ದ ಹ್ಯಾನೋವರ್‌ನಲ್ಲಿ 1947ರಲ್ಲಿ ಬೇರೆಯೇ ರಫ್ತು ಮೇಳ ಶುರುವಾಯ್ತು. ನೆಲಕಚ್ಚಿದ ಉದ್ಯಮಕ್ಕೆ ಹೊರದೇಶದ ಗಿರಾಕಿ ಬೇಕಿತ್ತು. ಇವತ್ತಿನ ಹ್ಯಾನೋವರ್ ಮೆಸ್ಸೆ ಅದೇ.

ಬೆಂಗಳೂರಿನ ತುಮಕೂರು ರಸ್ತೆಯ ಬಿಐಇಸಿಯಲ್ಲಿ ನಡೆಯೋ ಇಮ್‌ಟೆಕ್ಸ್ ಕೂಡ ಇದೇ ಜಾತಿಯದ್ದು, ಮೆಷಿನ್ ಟೂಲ್‌ಗಳ ಮೇಳ. ಪೀಣ್ಯದ ಸಣ್ಣ ವರ್ಕ್‌ಶಾಪ್ ಮಾಲೀಕರೊಬ್ಬರು ಸಾಲ ಮಾಡಿ ಸಿಎನ್‌ಸಿ ಮೆಷಿನ್ ತಗೋಬೇಕು ಅಂತಿಟ್ಕೊಳ್ಳಿ. ಆಯ್ಕೆ ತಪ್ಪಿದ್ರೆ ಕೆಲಸಕ್ಕೆ ಬಾರದ ಮೆಷಿನ್ನಿಗೆ ವರ್ಷಗಟ್ಟಲೆ ಕಂತು ಕಟ್ಟಬೇಕು. ವಿಡಿಯೋದಲ್ಲಿ ಎಲ್ಲ ಮೆಷಿನ್ನೂ ಚೆನ್ನಾಗೇ ಓಡುತ್ತೆ. ಇಲ್ಲಿ ಅವರು ಲೋಹ ಕತ್ತರಿಸುವ ಸದ್ದು ಕೇಳ್ತಾರೆ, ಹೊರಬಂದ ಪಾರ್ಟಿನ ಮೇಲೆ ಬೆರಳಾಡಿಸಿ ಫಿನಿಶ್ ನೋಡ್ತಾರೆ, ಪಕ್ಕದ ಸ್ಟಾಲಿನ ರೇಟು ಕೇಳಿಕೊಂಡು ಬಂದು ಚೌಕಾಸಿ ಮಾಡ್ತಾರೆ. ದನದ ಜಾತ್ರೆಯಲ್ಲಿ ಬಾಯಿ ತೆಗೆಸಿ ಹಲ್ಲು ನೋಡದೆ ಯಾರಾದ್ರೂ ಎತ್ತು ಕೊಳ್ತಾರಾ?

ಮಾರುವವರಿಗೂ ಲಾಭವಿದೆ. ಊರೂರು ಅಲೆಯದೆ ಗಿರಾಕಿಗಳು ಒಂದೇ ಕಡೆ ಸಿಗ್ತಾರೆ. ತಮ್ಮ ಮೆಷಿನ್ನಿನ ಬಗ್ಗೆ ಅವರ ದೂರೂ ನೇರವಾಗಿ ಕಿವಿಗೆ ಬೀಳುತ್ತೆ. ಆದರೆ ಸ್ಟಾಲ್ ಬಾಡಿಗೆ, ಸಾಗಣೆ, ಕರೆಂಟು ಅಂತ ಖರ್ಚೂ ಜಾಸ್ತಿ. ಬಂದವರ ನಂಬರ್ ಬರ್ಕೊಂಡು, ಮೇಳ ಮುಗಿದ ಮೇಲೆ ಫೋನ್ ಮಾಡದಿದ್ರೆ ಅಷ್ಟೂ ನೀರಲ್ಲಿ ಹೋಮ.

ಹಾಗಾಗಿ ಮುಂದಿನ ಸಲ ಹೋಗುವಾಗ ನಾವು ಒಂದು ಪ್ರಶ್ನೆ ಇಟ್ಕೊಂಡು ಹೋಗೋಣ: “ಸಾರ್, ಈ ಮೆಷಿನ್ ಯಾವ ಕೆಲಸಕ್ಕೆ ಆಗಲ್ಲ?” ಇದಕ್ಕೆ ನೇರವಾಗಿ ಉತ್ತರ ಕೊಡೋ ಎಂಜಿನಿಯರ್ ಸಿಕ್ಕಿದ್ರೆ, ಆ ಸ್ಟಾಲಿನಲ್ಲಿ ಅರ್ಧ ಗಂಟೆ ನಿಂತರೂ ನಷ್ಟವಿಲ್ಲ. ಬ್ಯಾಗು, ಪೆನ್ನು ಹೇಗೂ ಸಿಗುತ್ತೆ.