ಅರೆಭಾಷೆಯ ‘ಅರೆ’ ಅಂದ್ರೆ ಅರ್ಧವಾ?

ಇವತ್ತು ಎರಡೇ ಅಕ್ಷರದ ಒಂದು ವಿಶೇಷಣದ ಬಗ್ಗೆ ಮಾತಾಡುವ: ‘ಅರೆ’.

ನಾನು ಸುಳ್ಯ ತಾಲೂಕಿನ ಐವರ್ನಾಡಿನವನು. ನಮ್ಮಲ್ಲಿ ತುಳು ಉಂಟು, ಅರೆಭಾಷೆ ಉಂಟು, ಶಾಲೆಗೆ ಹೋದರೆ ಕನ್ನಡ. ಬೆಂಗಳೂರಲ್ಲಿ ‘ಮನೆಮಾತು ಅರೆಭಾಷೆ’ ಅಂದ್ರೆ ಸಾಕು, ‘ಹಾಗಂದ್ರೆ ಅರ್ಧ ಭಾಷೆಯಾ?’ ಅಂತ ನಗ್ತಾರೆ. ಯಾಕೆ ಬೇಕು ಅಂತ ನಮ್ಮ ಎಷ್ಟೋ ಹುಡುಗರು ‘ಕನ್ನಡ’ ಅಂದುಬಿಡ್ತಾರೆ.

ಮೊದಲು ಪದದ ಮೂಲ ನೋಡುವ. ‘ಅರ್ಧ’ ಸಂಸ್ಕೃತದ್ದು. ‘ಅರೆ’ ಅದು ಸವೆದು ಆದದ್ದಲ್ಲ, ದ್ರಾವಿಡ ಪದ. ತಮಿಳಿನಲ್ಲಿ ‘ಅರೈ’, ಮಲಯಾಳ ಮತ್ತು ತೆಲುಗಿನಲ್ಲಿ ‘ಅರ’. ತಮಿಳು, ಮಲಯಾಳದಲ್ಲಿ ಇದಕ್ಕೆ ಸೊಂಟ ಅನ್ನುವ ಅರ್ಥವೂ ಉಂಟು. ಸೊಂಟ ಅಂದ್ರೆ ದೇಹದ ನಡು ತಾನೆ? ಮಸಾಲೆ ‘ಅರೆ’ಯುವುದು ಮಾತ್ರ ಬೇರೆ ಪದ. ಬಂಡೆ ಅನ್ನುವ ಅರ್ಥದ ‘ಅರೆ’ಯೂ ಬೇರೆ, ಹಳಗನ್ನಡದಲ್ಲಿ ಅದನ್ನು ‘ಱ’ ಹಾಕಿ ಬರೆಯುತ್ತಿದ್ದರು.

ಈಗ ಅರ್ಥಕ್ಕೆ ಬರುವ. ‘ಅರೆಪಾವು’ ಅಳತೆ, ಅಲ್ಲಿ ಸರಿಯಾಗಿ ಅರ್ಧ. ‘ಅರೆಬೆಂದ ಅನ್ನ’ದಲ್ಲಿ ಯಾರೂ ಅರ್ಧ ಅಳೆಯುವುದಿಲ್ಲ, ಇನ್ನೂ ಬೇಯಬೇಕು ಅಂತ ಅಷ್ಟೆ. ‘ಅರೆಮನಸ್ಸು’ ಅಂದ್ರೆ ಪೂರ್ತಿ ಒಪ್ಪಿಗೆ ಇಲ್ಲ. ‘ಅರೆಬಿರಿದ ಹೂವು’ ಅಂದಾಗ ಕೊರತೆಯೇ ಇಲ್ಲ, ಅದು ಚೆಂದ.

ನಿಮ್ಮ ಕೈಯಲ್ಲಿರುವ ಫೋನಿನ ಚಿಪ್ಪನ್ನೇ ತಗೊಳ್ಳಿ. ಅದರ ಸಿಲಿಕಾನ್ ಒಂದು ‘ಅರೆವಾಹಕ’. ಅದರೊಳಗೆ ವಿದ್ಯುತ್ತನ್ನು ಬೇಕಾದಾಗ ಹರಿಸಬಹುದು, ಬೇಡದಾಗ ತಡೆಯಬಹುದು. ಪೂರ್ತಿ ವಾಹಕವಾದ ತಾಮ್ರದಿಂದ ಈ ಕೆಲಸ ಆಗುವುದಿಲ್ಲ. ಇಲ್ಲಿ ‘ಅರೆ’ ಇರುವುದೇ ಅದರ ಶಕ್ತಿ.

ಹಾಗಾದ್ರೆ ಅರೆಭಾಷೆ? ಕನ್ನಡಕ್ಕೆ ತುಳು ಬೆರೆತದ್ದಕ್ಕೆ ಆ ಹೆಸರು ಅಂತ ಊರಲ್ಲಿ ಹೇಳುವುದುಂಟು. ಆದರೆ ಒಂದು ಸಣ್ಣ ಪದ ನೋಡಿ. ಬೆಂಗಳೂರಿನ ‘ಇದೆ’ ಮಂಗಳೂರು ಕನ್ನಡದಲ್ಲಿ ‘ಉಂಟು’, ತುಳುವಿನಲ್ಲಿ ‘ಉಂಡು’, ಅರೆಭಾಷೆಯಲ್ಲಿ ‘ಉಟ್ಟು’. ಇದು ಅಲ್ಲಿಂದ ಅರ್ಧ, ಇಲ್ಲಿಂದ ಅರ್ಧ ತಂದು ಅಂಟಿಸಿದ್ದಲ್ಲ. ಅದಕ್ಕೆ ಅದರದ್ದೇ ರೂಪ, ಅದರದ್ದೇ ಕ್ರಮ ಉಂಟು. ಜಗಳ, ಲಾಲಿ, ಲೆಕ್ಕಾಚಾರ ಎಲ್ಲ ಅದರಲ್ಲೇ ನಡೆಯುತ್ತದೆ.

ಸುಳ್ಯ, ಕೊಡಗು, ಕಾಸರಗೋಡಿನ ಬಂದಡ್ಕದ ಕಡೆ ಈ ಮಾತು ಇದೆ. 2011ರಲ್ಲಿ ರಾಜ್ಯ ಸರ್ಕಾರ ಇದಕ್ಕೊಂದು ಅಕಾಡೆಮಿ ಮಾಡಿತು, ಕಚೇರಿ ಮಡಿಕೇರಿಯಲ್ಲಿ. ಅಕಾಡೆಮಿ ಪುಸ್ತಕ ತರಬಹುದು. ಆದರೆ ಮಕ್ಕಳ ಹತ್ತಿರ ‘ಉಟ್ಟು’ ಅನ್ನಬೇಕಾದವರು ಮನೆಯವರೇ. ಹೆಸರಿಗೆ ನಾಚಿ ನಾವು ಮಾತು ಬಿಟ್ಟರೆ, ಆಗ ಅದು ನಿಜವಾಗಿಯೂ ಅರ್ಧವಾಗುತ್ತದೆ.

ನಿಮ್ಮ ಮನೆಯಲ್ಲಿ ‘ಇದೆ’ಗೆ ಏನಂತೀರಿ? ವಾಯ್ಸ್ ಮೆಸೇಜ್ ಕಳಿಸಿ. ಮುಂದಿನ ಸಂಚಿಕೆಯಲ್ಲಿ ಸಿಗುವ.