ಮೂರು ವರ್ಷದ ಆಟ, ಹನ್ನೆರಡು ವರ್ಷದ ಒಡನಾಟ

ಚೆಂಡಾಟವನ್ನೇ ವೃತ್ತಿಯಾಗಿ ಹಿಡಿದು ಅದರಿಂದಲೇ ಅನ್ನವಸ್ತ್ರಗಳನ್ನು ಸಂಪಾದಿಸುವುದೆಂದರೆ ನಮ್ಮ ಹಿರಿಯರಲ್ಲಿ ಹಲವರಿಗೆ ಸೋಜಿಗವಾಗಿ ತೋರುವುದು. ಅಮೇರಿಕದ ಸಂಯುಕ್ತ ಸಂಸ್ಥಾನಗಳಲ್ಲಿ ಅದು ಬಹುಕಾಲದಿಂದ ನಡೆದುಬಂದ ಪದ್ಧತಿ. ಎತ್ತರದಲ್ಲಿ ಕಟ್ಟಿದ ಬಳೆಯೊಳಕ್ಕೆ ಚೆಂಡನ್ನು ಹಾಕುವ ಬ್ಯಾಸ್ಕೆಟ್‌ಬಾಲ್ ಆಟವು ಅಲ್ಲಿನ ಸ್ಪ್ರಿಂಗ್‌ಫೀಲ್ಡ್ ಎಂಬ ಊರಿನಲ್ಲಿ 1891ರಲ್ಲಿ ಹುಟ್ಟಿತು. ನಮ್ಮ ಹೈಸ್ಕೂಲುಗಳ ಅಂಗಳದಲ್ಲಿಯೂ ಅದನ್ನು ವಾಚಕರು ಕಂಡಿರಬಹುದು. ಆ ಆಟದಲ್ಲಿ ದೀರ್ಘಕಾಲ ಆಡಿ ಹೆಸರನ್ನೂ ಹಣವನ್ನೂ ಗಳಿಸಿದವರು ಅನೇಕರಿರುವರು. ನಾವು ಹೇಳಹೊರಟಿರುವುದು ಮೂರೇ ವರ್ಷ ಆಡಿದ ಮಾರಿಸ್ ಸ್ಟೋಕ್ಸನ ಸಂಗತಿಯನ್ನು.

ಈತನು 1933ರಲ್ಲಿ ಪೆನ್ಸಿಲ್ವೇನಿಯಾ ಸಂಸ್ಥಾನದ ಪಿಟ್ಸ್‌ಬರ್ಗ್ ನಗರದ ಸಮೀಪದಲ್ಲಿ ಜನಿಸಿದನು. ತಂದೆ ಉಕ್ಕಿನ ಕಾರ್ಖಾನೆಯ ಕೆಲಸಗಾರ. ಕಪ್ಪು ಜನಾಂಗದ ಈ ಹುಡುಗನು ಬೆಳೆದು 6 ಅಡಿ 7 ಅಂಗುಲದ ಆಳಾದನು. ಲೊರೆಟ್ಟೊ ಎಂಬ ಚಿಕ್ಕ ಊರಿನ ಸೇಂಟ್ ಫ್ರಾನ್ಸಿಸ್ ಕಾಲೇಜಿನಲ್ಲಿ ಓದುತ್ತಿದ್ದಾಗ, 1955ರಲ್ಲಿ ನ್ಯೂಯಾರ್ಕಿನ ದೊಡ್ಡ ಪಂದ್ಯಾವಳಿಯೊಂದರಲ್ಲಿ ಆಡಿದನು. ಅವನ ಕಾಲೇಜಿಗೆ ದೊರೆತದ್ದು ನಾಲ್ಕನೆಯ ಸ್ಥಾನ. ಆದರೆ ಅತ್ಯುತ್ತಮ ಆಟಗಾರನ ಬಹುಮಾನವು ಗೆದ್ದ ತಂಡದವರನ್ನು ಬಿಟ್ಟು ಸ್ಟೋಕ್ಸನಿಗೆ ಬಂದಿತು. ಅದೇ ವರ್ಷ ರಾಚೆಸ್ಟರ್ ರಾಯಲ್ಸ್ ಎಂಬ ವೃತ್ತಿತಂಡದವರು ಅವನನ್ನು ಸೇರಿಸಿಕೊಂಡರು. ಈ ತಂಡವೇ 1957ರಲ್ಲಿ ಸಿನ್ಸಿನಾಟಿ ನಗರಕ್ಕೆ ವಲಸೆ ಹೋಯಿತು.

ಗುರಿ ತಪ್ಪಿ ಪುಟಿದು ಬರುವ ಚೆಂಡನ್ನು ಎಗರಿ ಹಿಡಿಯುವುದು ಈ ಆಟದಲ್ಲಿ ಬಹು ಕಷ್ಟದ ಕೆಲಸ. ಅಂಕ ಗಳಿಸಿದವನಿಗೆ ಬೀಳುವ ಚಪ್ಪಾಳೆ ಇದಕ್ಕೆ ಬೀಳದು. ಸ್ಟೋಕ್ಸನು 1956–57ರ ಋತುವಿನಲ್ಲಿ ಹೀಗೆ 1,256 ಬಾರಿ ಚೆಂಡನ್ನು ಹಿಡಿದನು. ಅಲ್ಲಿಯವರೆಗೆ ಆ ಒಕ್ಕೂಟದಲ್ಲಿ ಯಾರೂ ಅಷ್ಟು ಹಿಡಿದಿರಲಿಲ್ಲ. ಮೊದಲ ವರ್ಷವೇ ಹೊಸಬರಲ್ಲಿ ಶ್ರೇಷ್ಠನೆನಿಸಿದ್ದನು. ಮೂರು ವರ್ಷಗಳಲ್ಲಿ 202 ಪಂದ್ಯಗಳು. ಅಷ್ಟಕ್ಕೆ ಅವನ ಆಟ ಮುಗಿಯಿತು.

1958ನೆಯ ಮಾರ್ಚ್ 12ರಂದು ಮಿನಿಯಾಪೊಲಿಸ್ ನಗರದಲ್ಲಿ ಆಡುತ್ತಿದ್ದಾಗ ಅವನು ಎಗರಿ ಕೆಳಕ್ಕೆ ಬಿದ್ದನು. ತಲೆ ನೆಲಕ್ಕೆ ಬಡಿದು ಎಚ್ಚರ ತಪ್ಪಿತು. ಮೂಗಿಗೆ ಔಷಧ ಹಿಡಿದು ಎಬ್ಬಿಸಿದರು. ಎದ್ದವನು ಮತ್ತೆ ಆಡಿದನು! ತಲೆಗೆ ಬಿದ್ದ ಪೆಟ್ಟನ್ನು ಇಂದಿನ ವೈದ್ಯರು ನೋಡುವ ರೀತಿಯೇ ಬೇರೆ. ಅಂಥವನನ್ನು ಆ ದಿನ ಮತ್ತೆ ಅಂಗಣಕ್ಕೆ ಇಳಿಯಗೊಡರು. ಮೂರು ದಿನಗಳ ತರುವಾಯ ಡೆಟ್ರಾಯಿಟ್‌ನಲ್ಲಿಯೂ ಆಡಿದನು. ಹಿಂದಿರುಗುವ ವಿಮಾನದಲ್ಲಿ ಮೈ ನಡುಗಿ, ಸೆಳವು ಬಂದು, ಪ್ರಜ್ಞೆ ಹೋಯಿತು. ಬಹುದಿನಗಳ ಮೇಲೆ ಕಣ್ದೆರೆದಾಗ ಕೈಕಾಲುಗಳು ಸ್ವಾಧೀನದಲ್ಲಿರಲಿಲ್ಲ, ಮಾತು ಹೊರಡದು. ಬುದ್ಧಿ ಮಾತ್ರ ಮೊದಲಿನಂತೆಯೇ ಇದ್ದಿತು. ಆಗ ಅವನಿಗೆ 24 ವರ್ಷ.

ಆ ಕಾಲದಲ್ಲಿ ವೃತ್ತಿ ಆಟಗಾರರಿಗೆ ಇಂಥ ಆಪತ್ತಿನಲ್ಲಿ ಆಧಾರವಾಗುವ ಏರ್ಪಾಡು ಏನೂ ಇರಲಿಲ್ಲ. ಆಸ್ಪತ್ರೆಯ ಖರ್ಚು ಬೆಟ್ಟದಂತೆ ಬೆಳೆಯುತ್ತಿತ್ತು. ಅವನ ಸ್ವಂತ ಹಣವು ಬ್ಯಾಂಕಿನಲ್ಲಿದ್ದರೂ ಸಹಿ ಹಾಕಲು ಕೈಯಿಲ್ಲದವನು ಅದನ್ನು ತೆಗೆಯುವುದೆಂತು? ತಂದೆತಾಯಿಗಳು ದೂರದ ಪಿಟ್ಸ್‌ಬರ್ಗಿನಲ್ಲಿದ್ದರು. ಸಿನ್ಸಿನಾಟಿಯಲ್ಲಿಯೇ ಇದ್ದು ಅವನ ಪರವಾಗಿ ವ್ಯವಹರಿಸಬಲ್ಲವನೊಬ್ಬನು ಬೇಕಾಗಿದ್ದನು. ಆಗ ಅದೇ ತಂಡದ ಜ್ಯಾಕ್ ಟ್ವೈಮನ್ ಎಂಬಾತನು ನ್ಯಾಯಸ್ಥಾನಕ್ಕೆ ಹೋಗಿ, ಕಾನೂನಿನ ಪ್ರಕಾರ ತನ್ನನ್ನೇ ಅವನ ಪಾಲಕನನ್ನಾಗಿ ನೇಮಿಸಬೇಕೆಂದು ಕೇಳಿಕೊಂಡನು.

ಟ್ವೈಮನ್ನನು ಬಿಳಿಯನು. ವಯಸ್ಸು 23, ಗೃಹಸ್ಥನು. ಇಬ್ಬರೂ ಪಿಟ್ಸ್‌ಬರ್ಗಿನ ಕಡೆಯವರು, ಒಂದೇ ವರ್ಷ ತಂಡವನ್ನು ಸೇರಿದವರು ಎಂಬುದನ್ನು ಬಿಟ್ಟರೆ ಆಪ್ತಮಿತ್ರರೆಂದು ಹೇಳುವಂತಿರಲಿಲ್ಲ. ಕಪ್ಪು ಜನರಿಗೆ ಅನೇಕ ಊರುಗಳ ಹೋಟೆಲುಗಳಲ್ಲಿ ಜಾಗ ಸಿಕ್ಕದಿದ್ದ ಕಾಲವದು. ಅಂಥಲ್ಲಿ ಟ್ವೈಮನ್ನನು ಕಾಗದಪತ್ರಗಳನ್ನು ಹಿಡಿದು ಅಲೆದನು. ಕೆಲಸದಲ್ಲಿರುವಾಗ ಗಾಯಗೊಂಡ ಕಾರ್ಮಿಕನಿಗೆ ದೊರೆಯುವ ಪರಿಹಾರವು ಆಟಗಾರನಿಗೂ ಸಲ್ಲಬೇಕೆಂದು ವಾದಿಸಿ, ಒಹಾಯೊ ಸಂಸ್ಥಾನದಿಂದ ಅದನ್ನು ದೊರಕಿಸಿದನು. ಅದು ಸಾಲದು. ನ್ಯೂಯಾರ್ಕ್ ಸಂಸ್ಥಾನದ ಕ್ಯಾಟ್‌ಸ್ಕಿಲ್ ಬೆಟ್ಟಗಳಲ್ಲಿ ಕುಚರ್ ಎಂಬವರ ವಿಹಾರಧಾಮವೊಂದಿದ್ದಿತು. ಅಲ್ಲಿ ಪ್ರತಿ ಬೇಸಿಗೆಯಲ್ಲಿ ಸಹಾಯಾರ್ಥ ಪಂದ್ಯ ನಡೆಯತೊಡಗಿತು. ವಿಲ್ಟ್ ಚೇಂಬರ್ಲೇನನಂಥ ಮಹಾ ಆಟಗಾರರು ಬಂದು ಆಡಿದರು.

ಹಣದ ಮಾತು ಹಾಗಿರಲಿ. ಮನೆಯಲ್ಲಿ ಹಾಸಿಗೆ ಹಿಡಿದವರ ಶುಶ್ರೂಷೆ ಮಾಡಿದ ವಾಚಕಿಯರಿಗೆ ನಾವು ಹೇಳಬೇಕಾದುದಿಲ್ಲ: ಮೊದಲ ವಾರ ಬಂದುಹೋಗುವವರು ಬಹಳ, ಮೂರನೆಯ ವರ್ಷ ಬರುವವರು ವಿರಳ. ಮಾತು ಬಾರದ ಸ್ಟೋಕ್ಸನ ಪಕ್ಕದಲ್ಲಿ ಕುಳಿತು ಟ್ವೈಮನ್ನನು ಇಂಗ್ಲಿಷಿನ ಅಕ್ಷರಗಳನ್ನು ಒಂದೊಂದಾಗಿ ಹೇಳುವನು. ಬೇಕಾದ ಅಕ್ಷರ ಬಂದಾಗ ಸ್ಟೋಕ್ಸನು ಕಣ್ಣು ಮಿಟುಕಿಸುವನು. ಮತ್ತೆ ಮೊದಲಿನಿಂದ ಇನ್ನೊಂದು ಅಕ್ಷರಕ್ಕೆ. ನೀರು ಬೇಕೆಂದು ತಿಳಿಸುವುದಕ್ಕೂ ಇಷ್ಟು ಪಾಡು! (ಅವರದು 26 ಅಕ್ಷರ, ನಮ್ಮ ವರ್ಣಮಾಲೆ, ಕಾಗುಣಿತ, ಒತ್ತಕ್ಷರಗಳಾಗಿದ್ದರೆ ಏನಾಗುತ್ತಿದ್ದಿತೋ.) ವರ್ಷಗಟ್ಟಲೆ ವ್ಯಾಯಾಮ ಮಾಡಿಸಿದ ಮೇಲೆ ಬೆರಳುಗಳು ಅಲ್ಪಸ್ವಲ್ಪ ಆಡಿದವು, ಟೈಪ್‌ರೈಟರಿನ ಕೀಲಿಗಳನ್ನು ಒತ್ತಲು ಕಲಿತನು. ತನ್ನ ಕೈಯಾರೆ ಮಾಡಿದ ಅಕ್ಷರಗಳಲ್ಲಿ ಟ್ವೈಮನ್ನನಿಗೆ ವಂದನೆ ಹೇಳಿದನು. ಮಣ್ಣಿನ ಪಾತ್ರೆಗಳನ್ನು ಮಾಡುವುದನ್ನೂ ರೂಢಿಸಿಕೊಂಡನು.

ಈ ನಡುವೆ ಟ್ವೈಮನ್ನನ ಸ್ವಂತ ಆಟವೂ ನಿಲ್ಲಲಿಲ್ಲ. 1959–60ರ ಋತುವಿನಲ್ಲಿ ಪಂದ್ಯವೊಂದಕ್ಕೆ ಸರಾಸರಿ 31 ಅಂಕಗಳನ್ನು ಮೀರಿ ಗಳಿಸಿದನು. ಅದೇ ಋತುವಿನ ಒಂದು ಪಂದ್ಯದಲ್ಲಿ ಅವನ ಅಂಕ 59. ಸಂಸಾರ, ಮಕ್ಕಳು, ಆಟದ ಪ್ರವಾಸ ಇವೆಲ್ಲದರ ಮಧ್ಯೆ ಆಸ್ಪತ್ರೆಗೆ ಹೋಗಿಬರುವುದು ನಡೆದೇ ಇದ್ದಿತು. ಇಂಥಲ್ಲಿ ಗಂಡನೊಬ್ಬನ ಮನಸ್ಸಿದ್ದರೆ ಸಾಲದು; ಮನೆಯಾಕೆಯೂ ಒಪ್ಪಿ ನಡೆಸಿದಳೆಂಬುದನ್ನು ನಾವು ಮರೆಯಲಾಗದು.

1970ನೆಯ ಏಪ್ರಿಲ್ 6ರಂದು ಸ್ಟೋಕ್ಸನು ಹೃದಯಾಘಾತದಿಂದ ಸಿನ್ಸಿನಾಟಿಯಲ್ಲಿ ತೀರಿಕೊಂಡನು. ವಯಸ್ಸು 36. ಅವನ ಕೋರಿಕೆಯಂತೆ ಲೊರೆಟ್ಟೊದಲ್ಲಿ, ತಾನು ಓದಿದ ಕಾಲೇಜಿನ ಆವರಣದಲ್ಲಿ, ಅವನನ್ನು ಹೂಳಿದರು. ಸ್ಪ್ರಿಂಗ್‌ಫೀಲ್ಡಿನಲ್ಲಿ ಈ ಆಟದ ಕೀರ್ತಿಮಂದಿರವಿದೆ. ಟ್ವೈಮನ್ನನ ಹೆಸರು ಅಲ್ಲಿ 1983ರಲ್ಲಿಯೇ ಸೇರಿತು. ಸ್ಟೋಕ್ಸನದು ಸೇರಿದ್ದು 2004ರಲ್ಲಿ. ಆ ದಿನ ಅವನ ಪರವಾಗಿ ಗೌರವವನ್ನು ಸ್ವೀಕರಿಸಲು ನಿಂತವನು 70 ವರ್ಷದ ಟ್ವೈಮನ್ನನೇ.

ಟ್ವೈಮನ್ನನು 2012ರಲ್ಲಿ ಕಾಲವಾದನು. ಮರುವರ್ಷದಿಂದ ಆ ಒಕ್ಕೂಟದವರು ಇಬ್ಬರ ಹೆಸರನ್ನೂ ಕೂಡಿಸಿ ಒಂದು ಪ್ರಶಸ್ತಿಯನ್ನು ಕೊಡತೊಡಗಿದರು. ಅದು ಜೊತೆಯವರಿಗೆ ಒಳ್ಳೆಯ ಒಡನಾಡಿಯಾದ ಆಟಗಾರನಿಗೆ ಸಲ್ಲುವುದು. ಯಾರಿಗೆಂದು ಮತ ಹಾಕಿ ಆರಿಸುವವರೂ ಆಟಗಾರರೇ.